ಕಬ್ಬಿಣ ಕಾಣುವವರೆಗೆ

ಗಫೂರ ಚಾಚಾ ಅವರ ಎಡಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದವಾಗಿತ್ತು. ಉಳಿದವನ್ನೆಲ್ಲ ಶುಕ್ರವಾರಕ್ಕೊಮ್ಮೆ ಕತ್ತರಿಸಿಕೊಳ್ಳುತ್ತಿದ್ದ ಆ ಶುಚಿವಂತ ಮನುಷ್ಯ ಅದೊಂದನ್ನು ಮುದ್ದಿನಿಂದ ಸಾಕಿದ್ದರು. ಯಾರ ಮನೆಗೆ ಹೋಗಲಿ, ಬಾಗಿಲ ಚೌಕಟ್ಟು, ಚಹದ ಬಸಿ, ಕೂತ ಕುರ್ಚಿಯ ತೋಳು ಎಲ್ಲದರ ಮೇಲೂ ಆ ಉಗುರು ತಾನಾಗಿ ಹರಿದಾಡಿ ಬಿರುಕು ಸಿಕ್ಕಲ್ಲಿ ನಿಲ್ಲುತ್ತಿತ್ತು. ಅರಗಿನ ಕಲೆಗಳಲ್ಲಿ ಮೂಲವರ್ಣವನ್ನೇ ಕಳೆದುಕೊಂಡ ಶೇರವಾನಿ ತೊಟ್ಟು, ಎರಡೂ ಕೈಗಳನ್ನು ತುಸು ಮುಂದೆ ಹಿಡಿದು, ಕಾಣದ ಮೋಟಾರೊಂದನ್ನು ಓಡಿಸುವವರಂತೆ ಅವರು ಬೀದರದ ನಮ್ಮ ಓಣಿಯಲ್ಲಿ ನಡೆದು ಬರುತ್ತಿದ್ದರು.

ಅವರ ಕಸುಬೂ ಹಾಗೆಯೇ ಅಪರೂಪದ್ದು. ಜಾಗೀರದಾರರ ಹಳೆಯ ವಿಲಾಯತಿ ಮೋಟಾರುಗಳಲ್ಲಿ ಸ್ಟೇರಿಂಗ್ ಚಕ್ರವೆಂದರೆ ಕಬ್ಬಿಣದ ಬಳೆಯ ಮೇಲೆ ಗಟ್ಟಿ ಕರಿ ರಬ್ಬರಿನ ಹೊದಿಕೆ. ನಮ್ಮ ಬಿಸಿಲಿಗೆ ಆ ಹೊದಿಕೆ ಸೀಳುತ್ತಿತ್ತು. ಚಾಚಾ ಅರ ಹಿಡಿದು ಮೊದಲು ಆ ಸೀಳನ್ನು ಇನ್ನಷ್ಟು ಅಗಲ ಮಾಡುತ್ತಿದ್ದರು. ಆಮೇಲೆಯೇ ಅರಗು, ದೀಪದ ಮಸಿ ಕಾಯಿಸಿ ತುಂಬುವುದು. ರಿಪೇರಿಗೆ ಕೊಟ್ಟದ್ದನ್ನು ಕಡಿಯುತ್ತಾನಲ್ಲ ಎಂದು ಹೌಹಾರಿದ ತಹಸೀಲದಾರರೊಬ್ಬರಿಗೆ ಅವರು ತಲೆಯನ್ನೂ ಎತ್ತದೆ ಹೇಳಿದ್ದರು: “ಕಬ್ಬಿಣ ಕಾಣೋತನಕ ಕೊರೀಬೇಕ್ರಿ ಸಾಹೇಬರ. ಮ್ಯಾಲ ಮ್ಯಾಲ ಮುಚ್ಚಿದ್ರ ಒಳಗ ಜಂಗ ಹಿಡದು ಕಬ್ಬಿಣಾನೇ ತಿಂತದ.”

ನಾನು ಎದುರುಮನೆಯ ಬಾಡಿಗೆದಾರ, ಸಾಲೆಯ ಮಾಸ್ತರ. ಸಂಜೆಗಳನ್ನು ಅವರ ಅಂಗಡಿಯ ಮರದ ಬಾಕಿನ ಮೇಲೆ ಕೂತು ಕಳೆಯುತ್ತಿದ್ದೆ. ಅವರ ಒಬ್ಬನೇ ಮಗ ಯುನುಸ ಜಾಗೀರದಾರರೊಬ್ಬರ ಮೋಟಾರು ಓಡಿಸುತ್ತಿದ್ದ. ನಿಜಾಮನ ಕಡೆಯ ರಜಾಕಾರರ ಕಾಲದಲ್ಲಿ ಕೆಲವರ ಊರುಗಳು ಉರಿದವು, ಭಾರತದ ದಂಡು ಬಂದು ಪೋಲೀಸ್ ಆ್ಯಕ್ಷನ್ ಆದ ಮೇಲಿನ ವಾರಗಳಲ್ಲಿ ಇನ್ನು ಕೆಲವರ ಮನೆಗಳು ಬರಿದಾದವು. ಆ ವಾರಗಳಲ್ಲೇ ಔರಾದ ಕಡೆ ಹೋದ ಯುನುಸ ತಿರುಗಿ ಬರಲಿಲ್ಲ. ಮೋಟಾರು ಚಿಂತಾಕಿಯ ಹತ್ತಿರ ಬಾಗಿಲು ತೆರೆದು ನಿಂತಿತ್ತೆಂದು ಒಂದು ಸುದ್ದಿ. ಅವನನ್ನು ಸೊಲ್ಲಾಪುರದ ಸ್ಟೇಷನ್ನಿನಲ್ಲಿ ಯಾರೋ ಕಂಡರೆಂದು ಇನ್ನೊಂದು. ಚಾಚಾ ಎರಡನೆಯದನ್ನು ಗಟ್ಟಿಯಾಗಿ ಹಿಡಿದುಕೊಂಡರು. ಮನೆಯಲ್ಲಿ ಸತ್ತವರಿಗೆ ಓದಿಸುವ ಫಾತಿಹಾ ಓದಿಸಲಿಲ್ಲ. ಸೊಸೆ ರಹೀಮುನ್ನಿಸಾ ಗಾಜಿನ ಬಳೆ ತೆಗೆಯಲಿಲ್ಲ. ಅವಳ ಮುಖವನ್ನು ನಾನು ಕಂಡವನಲ್ಲ. ಗೋಣಿತಟ್ಟಿನ ಪರದೆಯಡಿಯಿಂದ ಚಹ ಸರಿಸುವಾಗಿನ ಆ ಬಳೆಗಳ ಸದ್ದಷ್ಟೇ ನನಗೆ ಪರಿಚಯ.

ಐದು ವರ್ಷ ಕಳೆದ ಮೇಲೆ ಭಾಲ್ಕಿಯ ಗುತ್ತೇದಾರ ಹಾವಗೆಪ್ಪ ಹರಾಜಿನಲ್ಲಿ ಹಿಡಿದ ಹಳೆಯ ಮೋಟಾರೊಂದನ್ನು ತಂದು ನಿಲ್ಲಿಸಿದ.

“ಸೀಟೆಲ್ಲ ಹೊಸಾವು ಹಾಕಿಸೇನ್ರಿ ಚಾಚಾ. ಹಳೇವಕ್ಕ ಏನೋ ಎಣ್ಣಿ ಕಲಿ ಇತ್ತು. ಇದೊಂದು ಸ್ಟೇರಿಂಗ್ ನೆಟ್ಟಗ ಮಾಡಿಕೊಡ್ರಿ.”

ಚಾಚಾ ಉಗುರಾಡಿಸಿದರು. ಚಕ್ರದ ಕೆಳಭಾಗದ ಹಳೆಯ ತೇಪೆಯೊಂದರ ಮೇಲೆ ಅದು ನಿಂತಿತು. “ಇದು ನನ್ನ ಕೈ ಕೆಲಸ, ಮಾಸ್ತರ. ಇದು ಯುನುಸನ ಗಾಡಿ.” ಅವರ ಮುಖ ಅರಳಿತು. ಗಾಡಿ ಬಂದ ಮೇಲೆ ಮಗನೂ ಬಂದಂತೆಯೇ ಎಂದು ಆ ಮುಖ ನಂಬಿದ್ದನ್ನು ನಾನು ಕಣ್ಣಾರೆ ನೋಡಿದೆ.

ಮೇಲುಭಾಗದಲ್ಲಿ, ಎಡಗೈ ಹಿಡಿಯುವಲ್ಲಿ, ಯಾರೋ ಅವಸರದಲ್ಲಿ ಟಾರು ಮೆತ್ತಿದ್ದರು. ಅಡ್ಡಾದಿಡ್ಡಿ ಕೆಲಸವೆಂದು ಗೊಣಗುತ್ತ ಚಾಚಾ ಅರ ಹಾಕಿದರು. ಟಾರು ಉದುರಿ ಕಬ್ಬಿಣ ಕಂಡಿತು. ಅದಕ್ಕೆ ಬಡಿದು ಚಪ್ಪಟೆಯಾದ ಸೀಸದ ಗುಂಡೊಂದು ಅಲ್ಲೇ ಕೂತಿತ್ತು. ಗುಂಡಿನ ಪಕ್ಕದಲ್ಲೇ, ರಬ್ಬರಿನೊಳಕ್ಕೆ ನಾಟಿ ಮುರಿದ ಅರ್ಧ ಬೆಳ್ಳಿಯುಂಗುರ. ಮದುವೆಗೆಂದು ಚಾಚಾ ತಾವೇ ಹೂಬಳ್ಳಿ ಕೊರೆದು ಮಗನಿಗೆ ತೊಡಿಸಿದ್ದ ಉಂಗುರವದು. ಸೀಟಿನ ಮೇಲಿನ ಕಲೆ ಎಣ್ಣೆಯದಲ್ಲವೆಂದು ಮೂವರಿಗೂ ಒಮ್ಮೆಗೇ ಹೊಳೆಯಿತು.

“ಈ ಗಾಡಿ ನನಗ ಬ್ಯಾಡ್ರಿ ಚಾಚಾ,” ಎಂದ ಹಾವಗೆಪ್ಪ.

“ಗಾಡಿದೇನು ತಪ್ಪು?” ಎಂದರು ಚಾಚಾ. ನೋಡನೋಡುತ್ತಿದ್ದಂತೆ ಅರಗು ಕಾಯಿಸಿ, ಆ ಸೀಳನ್ನು ತುಂಬಿ, ನುಣ್ಣಗೆ ಉಜ್ಜಿ ಕೊಟ್ಟರು. ಗುಂಡನ್ನು ಕಂಡದ್ದಕ್ಕಿಂತಲೂ ಆ ಕೈಗಳು ನಡುಗದಿರುವುದನ್ನು ಕಂಡು ನಾನು ಹೆಚ್ಚು ಬೆಚ್ಚಿದೆ.

ಆಮೇಲೆ ಅವರು ಪರದೆಯ ಬಳಿಗೆ ಹೋಗಿ ಉಂಗುರದ ತುಂಡನ್ನು ಅಡಿಯಿಂದ ಸರಿಸಿದರು. ಅವರವರು ದಖನಿ ಉರ್ದುವಿನಲ್ಲಿ ಆಡಿದ್ದನ್ನು ನಾನು ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ.

“ಬೇಟಿ, ಯುನುಸ ಸೊಲ್ಲಾಪುರಕ್ಕ ಹೋಗಿಲ್ಲ.”

ಆ ತುಂಡನ್ನು ಒಳಗೆಳೆದುಕೊಳ್ಳುವಾಗ ಬಳೆ ಸದ್ದಾಯಿತು.

“ನನಗ ಗೊತ್ತದ ಅಬ್ಬಾ. ಆ ವಾರಾನೇ ಚಿಂತಾಕಿಯಾಕಿ ಒಬ್ಬಾಕಿ ಬಂದು, ಅವರನ್ನ ಮಣ್ಣು ಮಾಡಿದ್ದು ಕಣ್ಣಾರೆ ನೋಡೇನಿ ಅಂತ ಹೇಳಿ ಹೋಗ್ಯಾಳ. ನಾ ಬಳಿ ತೆಗದ್ರ ನೀವು ಉಳಿಯಂಗಿಲ್ಲ ಅಂತ ಇಟಕೊಂಡೆ.”

ಸೀಸದ ಗುಂಡಿಗೆ ನಡುಗದ ಚಾಚಾ ಆ ಮಾತಿಗೆ ಗೋಡೆ ಹಿಡಿದು ಕುಸಿದರು. ಮರುದಿನ ಪರದೆಯಡಿಯಿಂದ ಚಹ ಸದ್ದಿಲ್ಲದೆ ಬಂತು. ನಾನು ಬಸಿ ಎತ್ತಲಾರದೆ ಕೂತಿದ್ದೆ.

ಬಿರುಕು ಹುಡುಕುವ ಜನರನ್ನು ನಾನು ಆಮೇಲೆಯೂ ಕಂಡಿದ್ದೇನೆ. ಅವರಲ್ಲಿ ವೈದ್ಯರಿದ್ದರು, ವಕೀಲರಿದ್ದರು, ಗೋಡೆ ಬಡಿದು ನೋಡುವ ಗೌಂಡಿಗಳಿದ್ದರು. ಲೋಕದ ವಸ್ತುವನ್ನೆಲ್ಲ ಕಬ್ಬಿಣ ಕಾಣುವವರೆಗೆ ಕೊರೆಯುವ ಇವರು ಸ್ವಂತ ಮನೆಯ ಒಂದು ಸೀಳಿನ ಮೇಲೆ ಮಾತ್ರ ಉಗುರಾಡಿಸುವುದಿಲ್ಲ. ಒಳಗೇನಿದೆಯೆಂದು ತಿಳಿಯದೆ ಅಲ್ಲ, ತಿಳಿದೇ ಅದರ ಮೇಲೆ ಕೈಯೊತ್ತಿ ಕೂತಿರುತ್ತಾರೆ. ಆಚೆ ಬದಿಯಿಂದಲೂ ತಮ್ಮವರದೇ ಒಂದು ಕೈ ಅದನ್ನೇ ಒತ್ತಿ ಹಿಡಿದಿತ್ತೆಂಬುದು ಮಾತ್ರ ಅವರಿಗೆ ಕಡೆಗೆ ತಿಳಿಯುತ್ತದೆ.