ಸುಚಿತ್ರಾ ಕಟ್ಟಿದ ಗರಡಿ

ಸುಚಿತ್ರಾ ಮಾತಾಡುವಾಗ ನಡುವೆ ಬಾಯಿ ಹಾಕಿದವರು ಅದಕ್ಕೆ ದಂಡ ತೆರಬೇಕಾಗುತ್ತದೆ. ಆಕೆ ಮುನಿಯುವುದಿಲ್ಲ, ದನಿ ಏರಿಸುವುದಿಲ್ಲ. ತಡೆದವರ ಮಾತು ಮುಗಿಯುವವರೆಗೆ ಶಾಂತವಾಗಿ ಕಾದು, ಅರ್ಧಕ್ಕೆ ನಿಂತ ತಮ್ಮ ವಾಕ್ಯವನ್ನು ಮೊದಲ ಪದದಿಂದಲೇ ಮತ್ತೆ ಆರಂಭಿಸುತ್ತಾರೆ. ನಡಿಗೆಯೂ ಅದೇ ಧಾಟಿಯದು: ಅವಸರವಿಲ್ಲ, ನಿಲುಗಡೆಯೂ ಇಲ್ಲ. ಕಡುಬೇಸಿಗೆಯಲ್ಲೂ ತೊಡುವ ಬೂದುಬಣ್ಣದ ಜರ್ಕಿನ್ನಿನ ಜೇಬುಗಳಲ್ಲಿ ಗಾಜು ಬಿರಿದ ಹಳೆಯ ಮೊಬೈಲುಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತವೆ; ತಾವು ಕಟ್ಟುವ ವಿಡಿಯೋ ಗೇಮ್ ತೀರಾ ಅಗ್ಗದ ಫೋನಿನಲ್ಲೂ ಓಡಬೇಕೆಂಬುದು ಆಕೆಯ ವ್ರತ.

ಆ ಗೇಮಿನ ಕನ್ನಡ ತಿದ್ದಿಕೊಡಲೆಂದು ನಾನು ಅಶೋಕಪುರಂನ ಅವರ ಮನೆಗೆ ಹೋಗತೊಡಗಿದೆ. ಹೆಸರು ‘ಗರಡಿ’. ಆಟಗಾರರು ಒಬ್ಬ ಪೈಲ್ವಾನನನ್ನು ಸಾಕಿ, ಪಟ್ಟು ಕಲಿಸಿ, ಅಖಾಡಕ್ಕಿಳಿಸಬೇಕು. ಅದರ ಹುಟ್ಟಿನ ಹಿಂದೊಂದು ದುಃಖವಿತ್ತು. ಸುಚಿತ್ರಾರ ತಾಯಿ ಮಾದೇವಮ್ಮ ಮೊಣಕಾಲು ನೋವಿನಿಂದ ಮನೆ ಹಿಡಿದಿದ್ದ ಕಾಲದಲ್ಲಿ ಫೋನಿನ ಗೇಮೊಂದರಲ್ಲಿ ತೋಟ ಬೆಳೆಸಿದ್ದರು. ಒಂದು ಬೆಳಿಗ್ಗೆ ಆ ಗೇಮಿನ ಕಂಪನಿ ಬಾಗಿಲು ಹಾಕಿತು; ತೋಟವೂ ಹೋಯಿತು. “ನನ್ ಮಲ್ಲಿಗೆ ಗಿಡವೆಲ್ಲ ಎಲ್ಲೋದ್ವವ್ವಾ?” ಎಂದು ಮಗಳನ್ನು ಕೇಳಿದರು. ಕೆಲಸ ಬಿಟ್ಟು ಸ್ವಂತ ಗೇಮ್ ಕಟ್ಟಲು ಕುಳಿತಾಗ, ಆಟಗಾರರು ಬೆಳೆಸಿದ್ದನ್ನೆಲ್ಲ ಬ್ಲಾಕ್‌ಚೈನಿನಲ್ಲಿ ಬರೆದಿಡಲು ಆಕೆ ನಿಶ್ಚಯಿಸಿದ್ದು ಇದಕ್ಕಾಗಿಯೇ: ಅಸಂಖ್ಯ ಕಂಪ್ಯೂಟರುಗಳು ಒಟ್ಟಾಗಿ ಕಾಯುವ ಆ ದಾಖಲೆಯನ್ನು ಯಾವ ಮಾಲೀಕನೂ ಒಬ್ಬನೇ ಅಳಿಸಲಾರ.

ಉಳಿತಾಯ ಕರಗಿತು, ಗೇಮ್ ಅರ್ಧದಲ್ಲಿತ್ತು. ಇಂಥ ಗೇಮುಗಳಿಗೆ ಅನುದಾನ ಕೊಡುವ ಕನ್ನಡ ಆಟಗಾರರ ಬಳಗವೊಂದು ಅಂತರ್ಜಾಲದಲ್ಲಿದೆ. ನಿಧಿ ಸದಸ್ಯರದು, ತೀರ್ಮಾನವೂ ಸದಸ್ಯರದು, ಹೆಚ್ಚು ಹಣ ಹಾಕಿದವರಿಗೆ ಹೆಚ್ಚು ಮತ. ಅಲ್ಲಿ ಅರ್ಜಿ ಹಾಕಿದ ಸುಚಿತ್ರಾ ಮೊದಲ ಸುತ್ತಿನ ಮತದಾನದಲ್ಲಿ ಸೋತರು. ಇಂಥ ಬೇರೆ ಗೇಮುಗಳಂತೆ ಸಾಕಿದ ಪೈಲ್ವಾನರನ್ನು ಹಣಕ್ಕೆ ಮಾರಿಕೊಳ್ಳಲಾಗದ ಗೇಮ್ ಯಾರಿಗೆ ಬೇಕು ಎಂಬುದು ಆಕ್ಷೇಪ. ಆಮೇಲೆ ಬಳಗದಲ್ಲಿ ಎಲ್ಲರಿಗಿಂತ ಹೆಚ್ಚು ಮತವುಳ್ಳ ಮನೋಹರ್ ಎಂಬ ವ್ಯಾಪಾರಿ ಮನೆಗೇ ಬಂದರು. ನಾನೂ ಅಲ್ಲಿದ್ದೆ.

“ಒಂದು ಮಾರ್ಕೆಟ್ ಇಟ್ಬಿಡಿ ಮೇಡಂ, ನನ್ನ ಓಟೆಲ್ಲ ನಿಮ್ಗೇ,” ಎಂದರು.

“ಸಾಕಿದ್ದನ್ನ ಮಾರೋ ಹಾಗಾದ್ರೆ ಜನ ಮಾರೋಕೇ ಸಾಕ್ತಾರೆ ಸರ್. ಆಮೇಲೆ...”

“ಸಾಕ್ಲಿ ಬಿಡಿ, ಲಾಭ ತಾನೇ?”

ಸುಚಿತ್ರಾ ಕಾದರು. “ಸಾಕಿದ್ದನ್ನ ಮಾರೋ ಹಾಗಾದ್ರೆ ಜನ ಮಾರೋಕೇ ಸಾಕ್ತಾರೆ ಸರ್. ಆಮೇಲೆ ಅದು ಗರಡಿಯಾಗಿರಲ್ಲ, ಸಂತೆಯಾಗುತ್ತೆ. ಕಾಫಿ ತಗೊಳ್ಳಿ, ಆರೋಗ್ತದೆ.”

ಅವರು ಹೋದಮೇಲೆ ಮಾದೇವಮ್ಮ ನಿಟ್ಟುಸಿರಿಟ್ಟರು. “ಒಪ್ಕೊಬುಟ್ಟಿದ್ರೆ ಏನಾಗ್ತಿತ್ತವ್ವಾ?”

“ನಿನ್ ತೋಟ ಮಾರಾಟಕ್ಕಿಡ್ತಿದ್ಯಾ?”

“ಬುಡ್ತು ಅನ್ನು!”

ಮರುದಿನದಿಂದ ಸುಚಿತ್ರಾ ಮತ ಹಾಕುವ ಗೋಜಿಗೇ ಹೋಗದ ಸಣ್ಣ ಸದಸ್ಯರನ್ನು ಹುಡುಕಿ ಹೊರಟರು. ಇಲವಾಲದಲ್ಲೊಬ್ಬ ದರ್ಜಿ, ಬೆಟ್ಟದ ಮೇಲೊಬ್ಬ ಹಣ್ಣುಕಾಯಿ ಅಂಗಡಿಯಾಕೆ, ದೂರದೂರಿನ ಹಲವರು. ಹತ್ತಿರದವರ ಕೈಗೆ ಜರ್ಕಿನ್ನಿನಿಂದ ಫೋನ್ ತೆಗೆದಿಟ್ಟು, ದೂರದವರ ಫೋನಿಗೆ ಗೇಮ್ ಕಳಿಸಿ ಕರೆಮಾಡಿ, ಅರೆಬರೆ ಗೇಮನ್ನೇ ಆಡಿಸಿದರು. ಬೈದವರ ಬೈಗುಳಕ್ಕೆ ತಕ್ಕಂತೆ ತಿದ್ದಿ ಮತ್ತೆ ಆಡಿಸಿದರು.

ಎರಡನೆಯ ಸುತ್ತಿನ ಆನ್‌ಲೈನ್ ಸಭೆಯಲ್ಲಿ ಮನೋಹರ್ ಮರ್ಮಕ್ಕೇ ಕೈಹಾಕಿದರು: “ಮಾರೋ ಹಾಗಿಲ್ಲ ಅಂದ್ಮೇಲೆ ಈ ಗೇಮಿಗೆ ಬ್ಲಾಕ್‌ಚೈನ್ ಯಾಕ್ರೀ ಬೇಕು?”

ಆಕೆ ತೊದಲಲಿಲ್ಲ. “ಆಡೋದಕ್ಕೆ ಬೇಡ ಸರ್. ನಾನು ಬಾಗಿಲು ಹಾಕಿದ ಮಾರನೇ ದಿನಕ್ಕೆ ಬೇಕು. ಗೇಮಿನ ಕೋಡೆಲ್ಲ ಬಹಿರಂಗವಾಗಿಟ್ಟಿರ್ತೀನಿ. ಬೇರೆ ಯಾರಾದ್ರೂ ಹೊಸ ಗರಡಿ ತೆಗೆದ್ರೆ, ಆಡೋರು ಸಾಕಿದ ಪೈಲ್ವಾನ್ ಗೆದ್ದ ಕುಸ್ತಿಗಳ ಸಮೇತ ಅಲ್ಲಿಗೆ ನಡ್ಕೊಂಡು ಹೋಗ್ಬೇಕು. ನನ್ನ ಅಪ್ಪಣೆ ಕೇಳಬಾರದು.”

ಮನೋಹರ್ ತಮ್ಮ ಮತವನ್ನೆಲ್ಲ ವಿರುದ್ಧವೇ ಹಾಕಿದರು. ಆದರೆ ಹಿಂದೆಂದೂ ಬಾಯಿ ತೆರೆಯದ ಸಣ್ಣ ಸದಸ್ಯರು ಒಬ್ಬರ ಹಿಂದೊಬ್ಬರಂತೆ ಬಂದು ತಕ್ಕಡಿ ವಾಲಿಸಿದರು. ಅನುದಾನ ಸಿಕ್ಕಿತು; ‘ಗರಡಿ’ ಪೂರ್ಣಗೊಂಡಿತು, ಈಗ ಊರೂರಲ್ಲಿ ಜನ ಅದನ್ನು ಆಡುತ್ತಿದ್ದಾರೆ. ಮಾದೇವಮ್ಮನವರ ಪೈಲ್ವಾನ್ ನನ್ನವನನ್ನು ಪ್ರತಿಸಲವೂ ಚಿತ್ ಮಾಡುತ್ತಾನೆ.

ಹೊಸತನ್ನು ಕಟ್ಟುವ ಉತ್ಸಾಹಿಗಳು ನಮ್ಮಲ್ಲಿ ಬಹುಮಂದಿ. ಕಟ್ಟಿದ್ದು ತಮ್ಮೊಡನೆಯೇ ಕುಸಿಯಬಾರದೆಂದು ಅಡಿಗಲ್ಲಿಡುವಾಗಲೇ ಚಿಂತಿಸುವವರು ವಿರಳ. ಇಂಥವರೊಡನೆ ವ್ಯವಹಾರ ಸುಲಭವಲ್ಲ. ಅವರು ಲಾಭ ಬಿಟ್ಟಾರು, ಹಿಡಿದ ಪಟ್ಟು ಬಿಡರು. ಆದರೂ ನಾವು ಅಕ್ಕರೆಯಿಂದ ಬೆಳೆಸಿದ್ದನ್ನು ನಂಬಿ ಒಪ್ಪಿಸಬಹುದಾದದ್ದು ಇಂಥ ಹಟಮಾರಿಗಳ ಕೈಗೇ.