ಉಲ್ಬೊಸಿನ್ ಖಾಲಿ ಬಿಟ್ಟ ಕಾಲಂ

೧. ಎಲ್ಲಿಂದ ಶುರು ಮಾಡಲಿ? ಮೊದಲ ಡ್ರಾಫ್ಟು ಕೋಟ್ಯಂತರ ವರ್ಷಗಳ ಹಿಂದಿನಿಂದ ಹೊರಟಿತ್ತು: ಆಮೆ ಹತ್ತಿರದ ದಾಯಾದಿಯಾಗಿರುವುದು ಹಲ್ಲಿಗಲ್ಲ, ಕೋಳಿಗೆ ಮತ್ತು ಮೊಸಳೆಗೆ, ಎಂದು. ಓದಿದ ನನ್ನ ಕಥಾನಾಯಕಿ ಉಲ್ಬೊಸಿನ್ ಕಾಗದವನ್ನು ಹಿಂದಕ್ಕೆ ತಳ್ಳಿದಳು.

"ಅಯ್ಯೋ ಮಹರಾಯ, ಅಷ್ಟು ಹಿಂದಕ್ಕೆ ಹೋದ್ರೆ ಸಂಜೆ ಚಹಾಕ್ಕೆ ವಾಪಸ್ ಬರ್ತೀಯಾ? ನಾಡಿದ್ದಿಂದ ಶುರು ಮಾಡು."

(ಪಾತ್ರಗಳಿಗೆ ಸಲಿಗೆ ಕೊಟ್ಟರೆ ಹೀಗೇ. ತಲೆ ಮೇಲೆ ಕೂರುತ್ತಾರೆ.)

೨. ಸರಿ, ನಾಡಿದ್ದು. ಅವಳ ಸೊಸೆ ಮಕ್ಪಾಲ್ ಹೆತ್ತ ಮೂರನೇ ಹೆಣ್ಣುಮಗುವಿಗೆ ನಾಮಕರಣ. ಉಲ್ಬೊಸಿನ್‌ಳ ಮಾವ, ಮನೆಯವರೆಲ್ಲ 'ಅತಾ', ಅಂದರೆ ಅಜ್ಜ, ಎನ್ನುವ ಮುದುಕರು, ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಕೂಗುತ್ತಾರೆ. ಹೆಸರು ಆಗಲೇ ಗೊತ್ತಾಗಿದೆ: ಉಲ್ತುವಾರ್. ಗಂಡು ಹೆರುವವಳು.

ಉಲ್ಬೊಸಿನ್ ಎಂದರೂ 'ಮುಂದಿನದು ಗಂಡಾಗಲಿ' ಎಂದೇ.

"ನನ್ನ ಬೆನ್ನಿಗೇ ತಮ್ಮ ಹುಟ್ಟಿದ. ಹೆಸರು ಫಲಿಸ್ತು ಅಂತ ಊರೆಲ್ಲ ಕುಣೀತು. ಐವತ್ತೆರಡು ವರ್ಷದಿಂದ ನನ್ನ ಕರೆದಾಗೆಲ್ಲ ಬೇಡಿದ್ದು ಅವನನ್ನೇ," ಎಂದಳು.

೪. (ಮೂರನ್ನು ಹರಿದೆ. ಬರೀ ಭಾಷಣ.) ಕಿಝಿಲ್ಕುಮ್ ಮರಳುಗಾಡಿನ ಅಂಚಿನಲ್ಲಿರುವ ಆಮೆ ಸಾಕಣೆ ಕೇಂದ್ರದಲ್ಲಿ ಮೊಟ್ಟೆಗೆ ಶಾಖ ಕೊಡುವ ಪೆಟ್ಟಿಗೆ ಉಲ್ಬೊಸಿನ್‌ಳ ವಶದಲ್ಲಿದೆ. ಮನುಷ್ಯರಲ್ಲಿ ಗಂಡೋ ಹೆಣ್ಣೋ ತೀರ್ಮಾನಿಸುವುದು ಅಪ್ಪನ ಕ್ರೋಮೊಸೋಮು, ಕೋಳಿಯಲ್ಲಿ ತಾಯಿಯದು, ಈ ಆಮೆಯಲ್ಲಿ ಶಾಖ. ಹೆಚ್ಚಾದರೆ ಹೆಣ್ಣು, ತಗ್ಗಿದರೆ ಗಂಡು. ಈ ಸಲ ಕರೆಂಟು ಹೋಗಿ ಬಂದು ಶಾಖ ಏರುಪೇರಾಯಿತು. ಬಾಲ ನೋಡಿ ಹೇಳಲು ಏಳೆಂಟು ವರ್ಷ ಬೇಕು. ನಲವತ್ತೊಂದು ಮರಿಗಳ ಮುಂದಿನ 'ಗಂಡು/ಹೆಣ್ಣು' ಕಾಲಂ ಅವಳು ಖಾಲಿ ಬಿಟ್ಟಳು. "ಏನಾದ್ರೂ ಬರೀರಿ" ಎಂದು ಮೇಲಧಿಕಾರಿ ಗದರಿದರೂ ಬರೆಯಲಿಲ್ಲ.

೫. ಮುಕ್ತಾಯ ಒಂದು: ಮೂವತ್ತು ವರ್ಷ ಮಾವನೆದುರು ದನಿಯೆತ್ತದ ಉಲ್ಬೊಸಿನ್ ಸುಮ್ಮನೆ ಚಹಾ ಬಗ್ಗಿಸುತ್ತಾಳೆ.

"ಬೇಡ. ಅದನ್ನ ನಾನು ಬದುಕಿ ಮುಗಿಸಿದೀನಿ."

ಮುಕ್ತಾಯ ಎರಡು: ತಪ್ಪು ಮಕ್ಪಾಲ್‌ಳದ್ದಲ್ಲ, ಅವಳ ಗಂಡನ ಕ್ರೋಮೊಸೋಮಿನದು ಎಂದು ಅಬ್ಬರಿಸುತ್ತಾಳೆ.

"ಹೆಣ್ಣು ಹುಟ್ಟಿದ್ರಲ್ಲಿ ತಪ್ಪೇನೋ ಬಂತು, ಪೆದ್ದ?"

(ನಾಚಿಕೆಯಾಯಿತು. ಅಳಿಸಿದೆ.)

೬. ನಾಡಿದ್ದು ಬಂದೇ ಬಂತು. ಅತಾ ಮಗುವಿನ ಕಿವಿಗೆ ಬಾಗಿದರು.

"ಅತಾ, ಸ್ವಲ್ಪ ತಡೀರಿ." ಉಲ್ಬೊಸಿನ್ ಚಹಾ ಬಟ್ಟಲನ್ನು ಕೆಳಗಿಟ್ಟಳು. "ಆಮೆಮರಿ ಏನಂತ ಹೇಳೋಕೂ ನಾವು ಎಂಟು ವರ್ಷ ಕಾಯ್ತೀವಿ. ಇವಳು ಹುಟ್ಟಿ ಏಳೇ ದಿನ. ಬಂದಿರೋಳನ್ನ ಬಿಟ್ಟು ಬರದೇ ಇರೋನನ್ನ ಕರೀತೀರಲ್ಲ!"

ಅತಾ ಗಡ್ಡ ನೀವಿಕೊಂಡರು.

"ಮೂವತ್ತು ವರ್ಷಕ್ಕೆ ಬಾಯಿ ಬಿಟ್ಟೆಯಲ್ಲಮ್ಮ. ಸರಿ, ಏನಂತ ಕೂಗಲಿ? ಹೇಳು."

ನನ್ನ ಹತ್ತಿರ ಒಳ್ಳೆಯ ಹೆಸರೊಂದು ತಯಾರಿತ್ತು. ಕಥೆ ಮುಗಿಸಲು ಹೇಳಿ ಮಾಡಿಸಿದಂಥದ್ದು. ಉಲ್ಬೊಸಿನ್ ನನ್ನ ಹಾಳೆಯ ಮೇಲೆ ಅಂಗೈ ಇಟ್ಟಳು.

"ನೀನಲ್ಲ. ನಾನೂ ಅಲ್ಲ."

ಅವಳು ಮಕ್ಪಾಲ್ ಕಡೆ ತಿರುಗಿದಳು. ಮೂರು ಹೆತ್ತರೂ ಆ ಹುಡುಗಿಯನ್ನು ಏನು ಹೆಸರಿಡೋಣ ಎಂದು ಯಾರೂ ಕೇಳಿರಲಿಲ್ಲ. (ನಾನೂ ಕೇಳಿಲ್ಲ, ಬೇಕಾದರೆ ಹಿಂದೆ ಹೋಗಿ ನೋಡಿ, ಅವಳಿಗೆ ಒಂದು ಮಾತೂ ಕೊಟ್ಟಿಲ್ಲ.) ಅತಾ ತಮ್ಮ ಕಿವಿಯನ್ನು ಅವಳತ್ತ ವಾಲಿಸಿದರು. ಅವಳು ಮಗುವಿನ ಮುಖ ನೋಡಿ ತುಟಿ ತೆರೆದಳು.

ಓದುಗರೇ, ಇಲ್ಲಿ ಒಂದು ಹೆಸರು ಬೇಕು, ಗೊತ್ತು. ಆದರೆ ಅವಳು ಮಾತಾಡುತ್ತಿದ್ದಾಳೆ. ನಾನು ಪೆನ್ನು ಕೆಳಗಿಟ್ಟೆ.