ಅಕ್ಕ ಹಿಂದೆ ಹೋದ ಪುಟ

ಅಕ್ಕ ಪ್ರಯಾಣದ ಚೀಲ ಹೊತ್ತುಕೊಂಡೇ ನಮ್ಮ ಆಫೀಸಿನ ಪರೀಕ್ಷಾ ಕೋಣೆಗೆ ಬಂದಳು. ಸಂಜೆಯ ಬಸ್ಸಿಗೆ ನಾವಿಬ್ಬರೂ ಸಮುದ್ರ ನೋಡಲು ಹೊರಡುವುದೆಂದು ನಿಶ್ಚಯವಾಗಿತ್ತು. ಗಂಡ, ಮಕ್ಕಳು, ಅತ್ತೆ ಯಾರೂ ಇಲ್ಲ, ಬರೀ ಅಕ್ಕ ತಂಗಿ. ನನ್ನ ಮದುವೆಯಾದ ಮೇಲೆ ಇಂಥದ್ದು ಇದೇ ಮೊದಲು. ಬೆಳಗಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಅಡ್ಡ ನಿಂತದ್ದು ಲಿನಕ್ಸ್ ಇನ್‌ಸ್ಟಾಲರ್ ಒಂದೇ. ಖಾಲಿ ಸರ್ವರ್ ಯಂತ್ರಕ್ಕೆ ಪೆನ್‌ಡ್ರೈವ್ ಚುಚ್ಚಿ ಶುರು ಮಾಡಿದರೆ, ಭಾಷೆ ಯಾವುದು, ಯಾವ ಡಿಸ್ಕನ್ನು ಅಳಿಸಲಿ, ಪಾಸ್‌ವರ್ಡ್ ಏನಿಡಲಿ ಎಂದು ಒಂದೊಂದೇ ಪುಟದಲ್ಲಿ ಕೇಳಿಕೊಂಡು, ಕೊನೆಗೆ ಯಂತ್ರ ನಡೆಸುವ ಇಡೀ ಲಿನಕ್ಸ್ ವ್ಯವಸ್ಥೆಯನ್ನು ಆ ಯಂತ್ರದೊಳಗೆ ಕೂರಿಸುತ್ತದೆ. ಅದನ್ನು ಪರೀಕ್ಷೆ ಮಾಡುವವಳು ನಾನು. ನಾನು ಸರಿ ಎಂದರೆ ಇವತ್ತೇ ಬಿಡುಗಡೆ. ತಪ್ಪು ಸಿಕ್ಕಿತೋ, ಅದನ್ನು ತಿದ್ದಿ ಮತ್ತೆ ಪರೀಕ್ಷೆಯಾಗುವವರೆಗೆ ನಾನು ಅಲ್ಲಾಡುವಂತಿಲ್ಲ.

ಅಂದು ತಪ್ಪು ಸಿಗಲಿಲ್ಲ. ಎಲ್ಲ ಪರೀಕ್ಷೆಗಳೂ ಹಸಿರು, ಅಂದರೆ ಪಾಸು. ಇನ್ನು ಉಳಿದದ್ದು ನಾವು 'ನೆಂಟರ ಪರೀಕ್ಷೆ' ಎಂದು ಕರೆಯುವ ಕೊನೆಯ ಶಾಸ್ತ್ರ. ಈ ವಿಷಯದ ಗಂಧಗಾಳಿ ಇಲ್ಲದ ಹೊರಗಿನವರೊಬ್ಬರನ್ನು ಕೀಬೋರ್ಡಿನ ಮುಂದೆ ಕೂರಿಸಬೇಕು. ನಾವು ಪಕ್ಕದಲ್ಲಿ ತುಟಿ ಹೊಲಿದುಕೊಂಡು ಕೂರಬೇಕು. ಯಾವಾಗಲೂ ಕೊರಿಯರಿನವರು ಸಿಗುತ್ತಿದ್ದರು. ಅಂದು ಅವರ ಪತ್ತೆಯೇ ಇಲ್ಲ.

"ನಾನಿಲ್ವೇನೇ ಪುಟ್ಟಿ? ನನಗಿಂತ ದಡ್ಡಿ ಬೇಕಾ ನಿಮಗೆ?" ಎಂದು ಅಕ್ಕ ಚೀಲ ಕೆಳಗಿಟ್ಟು ಕುರ್ಚಿ ಎಳೆದುಕೊಂಡಳು.

ಅಕ್ಕನದು ಹೊಲಿಗೆ ಅಂಗಡಿ. ಹೊಲಿದದ್ದನ್ನು ಬಿಚ್ಚುವುದರಲ್ಲಿ ಅವಳಿಗೆ ಯಾವತ್ತೂ ಬೇಸರವಿಲ್ಲ. ಬೀಗ ಹಾಕಿ ಬೀದಿಯ ತಿರುವಿನವರೆಗೆ ಹೋದವಳು ಬೀಗ ಎಳೆದು ನೋಡಲು ಹಿಂದೆ ಬರುತ್ತಾಳೆ. ನಿಶ್ಚಿತಾರ್ಥ ಮುಗಿದ ಮೇಲೆ ಯೋಚಿಸಿ, ಬೇಡ ಎಂದು ಹಿಂದೆ ಸರಿದವಳೂ ಅವಳೇ. ಆಮೇಲೆ ನಮ್ಮ ಮನೆಯಲ್ಲಿ ಹಾಲು ಉಕ್ಕಿದರೂ ಎಲ್ಲರೂ ಅವಳ ಮುಖ ನೋಡುತ್ತಿದ್ದರು. ನಾನೋ, ಬಾಗಿಲು ತೆರೆದ ಕಡೆಗೆಲ್ಲ ನಡೆದುಕೊಂಡು ಹೋದವಳು. ಹಾಗೆ ಹೋಗುವುದನ್ನೇ ಜಾಣತನ ಎಂದುಕೊಂಡಿದ್ದೆ.

ಅಕ್ಕ ಭಾಷೆ ಆರಿಸಿದಳು. ಡಿಸ್ಕ್ ಆರಿಸಿದಳು. ಪಾಸ್‌ವರ್ಡಿನ ಪುಟಕ್ಕೆ ಬಂದು ಗಲ್ಲಕ್ಕೆ ಕೈಯಿಟ್ಟಳು.

"ಅಲ್ಲ ಕಣೇ, ಆಗಲೇ ಏನೋ ಅಳಿಸ್ತೀನಿ ಅಂತಿತ್ತಲ್ಲ, ಸರಿಯಾಗಿ ನೋಡಿದ್ನಾ ನಾನು?"

ನಾನು ಮಾತಾಡುವಂತಿಲ್ಲ. ಅವಳು 'ಹಿಂದೆ' ಗುಂಡಿ ಒತ್ತಿದಳು. ನೋಡಿದಳು. ತಲೆಯಾಡಿಸಿ 'ಮುಂದೆ' ಒತ್ತಿದಳು. ಪಾಸ್‌ವರ್ಡ್ ಕೊಟ್ಟು, 'ಶುರುಮಾಡು' ಎಂದಳು. ಪರದೆಯ ಮೇಲಿನ ಪಟ್ಟಿ ಒಂದಿಷ್ಟು ತುಂಬಿ ನಿಂತುಬಿಟ್ಟಿತು. ಇನ್‌ಸ್ಟಾಲರ್ ಇರುವ ಪೆನ್‌ಡ್ರೈವ್ ಕಾಣುತ್ತಿಲ್ಲ ಎಂಬ ಕೆಂಪು ಸಾಲು ಬಂತು.

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಹೊಟ್ಟೆಯೊಳಗಿಂದ ನಗು ಎದ್ದು ಬಂತು. ಹಿಂದೆ ಹೋಗಿ ಬಂದರೆ ಡಿಸ್ಕುಗಳ ಸಾಲಿನಲ್ಲಿ ಪೆನ್‌ಡ್ರೈವ್ ಕೂಡ ಸೇರಿಕೊಳ್ಳುತ್ತಿತ್ತು. ಆಯ್ಕೆ ಸದ್ದಿಲ್ಲದೆ ಅದರ ಮೇಲೇ ಹೋಗಿ ಕೂರುತ್ತಿತ್ತು. ಇನ್‌ಸ್ಟಾಲರ್ ತನ್ನನ್ನು ತಾನೇ ಅಳಿಸಿಕೊಂಡಿತ್ತು! ದಾರಿ ಗೊತ್ತಿದ್ದ ನಾವ್ಯಾರೂ ಒಂದು ಸಲವೂ ಹಿಂದೆ ಹೋಗಿರಲಿಲ್ಲ.

ನಗುತ್ತಲೇ ಗಡಿಯಾರ ನೋಡಿದೆ. ಬಸ್ಸು.

ಕೋಣೆಯಲ್ಲಿ ನಾವಿಬ್ಬರೇ. ಪೆನ್‌ಡ್ರೈವ್ ಕೆಟ್ಟಿದೆ ಎಂದು ಬೇರೆಯದನ್ನು ಚುಚ್ಚಿ, ನಾನೇ ನೆಟ್ಟಗೆ ಮುಂದೆ ಮುಂದೆ ಒತ್ತಿಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಆಸೆ ಎಷ್ಟು ಬಲವಾಗಿತ್ತೆಂದರೆ ಕೈ ಆಗಲೇ ಮೇಜಿನ ಖಾನೆಯೊಳಗಿತ್ತು.

"ಹಾಳು ಮಾಡ್ಬಿಟ್ನಾ?" ಅಕ್ಕನ ದನಿ ಇಳಿದುಹೋಗಿತ್ತು. "ಸುಮ್ನೆ ಮುಂದೆ ಹೋಗ್ಬೇಕಿತ್ತು ನಾನು. ಎಲ್ಲಿ ಹೋದ್ರೂ ಇದೇ ಆಯ್ತು ನಂದು."

ಆ ಮಾತು ಕೇಳಿದ್ದೇ ಖಾನೆ ಧಡ್ಡನೆ ಮುಚ್ಚಿದೆ. ಬಾಗಿಲು ತೆರೆದು, ಈ ವಯಸ್ಸಿಗೆ ಒಪ್ಪದ ದನಿಯಲ್ಲಿ ಕೂಗಿದೆ: "ಬನ್ರೋ ಎಲ್ಲಾ! ನಮ್ಮಕ್ಕ ಹಿಡಿದ್ಲು!"

ಎಲ್ಲರಿಗಿಂತ ಮುಂದೆ ಓಡಿ ಬಂದವನು ಡಿಸ್ಕಿನ ಪುಟ ಬರೆದವನು. ಏನು ಕೇಳಿದರೂ ಆಗೋಯ್ತು ಎನ್ನುವುದರಿಂದ ಅವನಿಗೆ ನಾವಿಟ್ಟ ಹೆಸರೇ 'ಆಗೋಯ್ತು'. ಆದದ್ದನ್ನು ಹೇಳಿದೆ.

"ಸಾಧ್ಯಾನೇ ಇಲ್ಲ ಮೇಡಂ. ಪೆನ್‌ಡ್ರೈವ್ ಆ ಸಾಲಲ್ಲಿ ಕಾಣದ ಹಾಗೆ ನಾನು ಮುಚ್ಚಿಟ್ಟಿದೀನಿ."

"ಅಕ್ಕ, ಇನ್ನೊಂದ್ಸಲ ಮಾಡಿ ತೋರಿಸು."

ಹೊಸ ಪೆನ್‌ಡ್ರೈವ್ ಬಂತು. ಅಕ್ಕ ಹಿಂದೆ ಹೋದಳು, ಮುಂದೆ ಬಂದಳು. ಇನ್‌ಸ್ಟಾಲರ್ ಮತ್ತೆ ತನ್ನನ್ನೇ ನುಂಗಿತು. ಆಗೋಯ್ತು ತಲೆ ಮೇಲೆ ಕೈ ಹೊತ್ತು ನೆಲದ ಮೇಲೇ ಕೂತ. ಉಳಿದವರು ಹೋ ಎಂದು ಚಪ್ಪಾಳೆ ತಟ್ಟಿದರು. ಇದನ್ನು ಹೊರಗೆ ಬಿಟ್ಟಿದ್ದರೆ ಏನಾಗುತ್ತಿತ್ತೆಂದು ನೆನೆದು ನಡುಗಬೇಕಾದವರು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದೆವು. "ಇನ್ನೊಂದ್ಸಲ, ಅಕ್ಕಾ!" ಎಂದು ಯಾರೋ ಕೂಗಿದರು.

"ತಡೀರಪ್ಪ," ಎಂದಳು ಅಕ್ಕ, ಸೆರಗು ಸಿಕ್ಕಿಸಿಕೊಂಡು. ಅವಳ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿ ಯಾವ ಕಾಲವಾಗಿತ್ತೋ. "ಬರೀ ಇದೊಂದ್ ಪುಟ ಯಾಕೆ? ಎಲ್ಲಾದ್ರಲ್ಲೂ ಹಿಂದೆ ಹೋಗಿ ನೋಡ್ತೀನಿ."

ಆಗೋಯ್ತು ತಿದ್ದಿ ತರುವಷ್ಟರಲ್ಲಿ ನಮ್ಮ ಬಸ್ಸು ಕಿಟಕಿಯ ಪಕ್ಕದ ಎರಡು ಖಾಲಿ ಸೀಟು ಹೊತ್ತುಕೊಂಡು ಹೊರಟುಹೋಗಿತ್ತು. ಈ ಸಲ ಪಟ್ಟಿ ಕೊನೆಯವರೆಗೆ ತುಂಬಿತು. ಯಂತ್ರ ಆರಿ ಹೊತ್ತಿಕೊಂಡು, ಕಪ್ಪು ಪರದೆಯ ಮೂಲೆಯಲ್ಲಿ ಯಾರು ನೀವು ಎಂದು ಕೇಳುವ ಒಂದೇ ಸಾಲು ಮಿನುಗಿತು.

"ಇಷ್ಟಕ್ಕೇನಾ ಇಷ್ಟೊಂದು ಗಲಾಟೆ?" ಎಂದಳು ಅಕ್ಕ. "ಒಂದು ಹೂವಿನ ಚಿತ್ರವಾದ್ರೂ ಹಾಕ್ಬಾರ್ದಾ?"

ನಾನು ಸರಿ ಎಂದು ಬರೆದೆ. ಮೆಟ್ಟಿಲಿಳಿಯುವಾಗ ಅವಳ ತೋಳು ಹಿಡಿದೆ. "ಬಸ್ಸು ತಪ್ಪಿಸಿಬಿಟ್ಟೆ ಅಕ್ಕ."

"ನಾಳೆ ಬೆಳಿಗ್ಗೆ ಬಸ್ಸಿಗೆ ಟಿಕೆಟ್ ಆಗ್ಲೇ ತಗೊಂಡೆ, ಫೋನಲ್ಲಿ. ಇವತ್ತು ನಮ್ಮನೇಲಿ ಮಲಗು. ಸಮುದ್ರ ಎಲ್ಲಿಗೆ ಹೋಗುತ್ತೆ?" ಎಂದವಳು ಅರ್ಧ ಮೆಟ್ಟಿಲಲ್ಲೇ ನಿಂತಳು. "ತಡಿ, ಚಾರ್ಜರ್ ಮರೆತೆ ಅನ್ಸುತ್ತೆ."

ಬೇರೆ ದಿನವಾಗಿದ್ದರೆ ನಾನು ಕೆಳಗೇ ನಿಂತು ಗೊಣಗುತ್ತಿದ್ದೆ. ಅವಳ ಹಿಂದೆಯೇ ನಾನೂ ಹತ್ತಿದೆ. ಚಾರ್ಜರ್ ಅವಳ ಚೀಲದಲ್ಲೇ ಇತ್ತು. ಅಲ್ಲಿ ಆಗೋಯ್ತು ಕೀಬೋರ್ಡಿನ ಮುಂದೆ ಕೂತು, ಒಬ್ಬನೇ, ಭಾಷೆಯ ಪುಟದಿಂದ ಶುರುಮಾಡಿ ಹಿಂದೆ ಮುಂದೆ ಓಡಾಡುತ್ತಿದ್ದ.

"ಸಮುದ್ರ ನೋಡ್ಕೊಂಡು ಬರ್ತೀನಪ್ಪ," ಎಂದಳು ಅಕ್ಕ ಬಾಗಿಲಲ್ಲಿ ನಿಂತು. "ಅಲ್ಲೀವರೆಗೆ ಏನೂ ಹಾಳು ಮಾಡ್ಬೇಡ. ನನಗೆ ಉಳಿಸಿರು."